ಎರಡು ಸಲ ಬಿದ್ದ ಅಕ್ಷರ

ಬೇಸಿಗೆ ರಜೆಗೆ ಮುಂಚಿನ ಕೊನೆಯ ಸ್ಟಾಫ್ ಮೀಟಿಂಗಿನಲ್ಲಿ ನಮ್ಮ ಹೆಡ್‌ಮಿಸ್ ಮೂರು ವಿಷಯ ಹೇಳಿದರು. ಜೂನ್‌ನಿಂದ ಎಲ್ಲ ಟೀಚರುಗಳೂ ಸ್ವಂತ ಲ್ಯಾಪ್‌ಟಾಪ್ ತರಬೇಕು. ಪ್ರಶ್ನೆಪತ್ರಿಕೆಗಳನ್ನು ಅವರವರೇ ಟೈಪ್ ಮಾಡಬೇಕು. ತರಗತಿಗಳಲ್ಲಿ ಕರಿಹಲಗೆ ತೆಗೆದು ದೊಡ್ಡ ಪರದೆ ಹಾಕಿಸುತ್ತಾರೆ. ಪಕ್ಕದಲ್ಲಿ ಕೂತಿದ್ದ ಗಣಿತದ ಮೇಷ್ಟ್ರು, "ಇದೊಂದು ಬಾಕಿ ಇತ್ತು ನೋಡಿ" ಅಂತ ಗೊಣಗಿದರು. ನಾನೂ ಮುಖ ಸಪ್ಪೆ ಮಾಡಿಕೊಂಡೆ. ಆದರೆ ಒಳಗೆ ನನಗಾದದ್ದು ಸಮಾಧಾನ. ಇನ್ನು ಬೋರ್ಡಿನ ಮೇಲೆ ಬರೆಯುವ ಹಾಗಿಲ್ಲ. ಅಂದರೆ ನನ್ನ ಬಲಗೈ ನಡುಗುವುದು ಯಾರ ಕಣ್ಣಿಗೂ ಬೀಳುವುದಿಲ್ಲ.

ನಾನು ಯಲಹಂಕದ ಒಂದು ಹೈಸ್ಕೂಲಿನಲ್ಲಿ ಕನ್ನಡ ಟೀಚರು. ಮನೆ ಆರ್.ಟಿ. ನಗರದಲ್ಲಿ. ಮನೆಯೊಳಗೆ ನಮ್ಮದು ದಖನಿ ಉರ್ದು. ಕನ್ನಡ ನನಗೆ ಬಂದದ್ದು ದಾಸರಹಳ್ಳಿಯ ಬೀದಿಯಿಂದ ಮತ್ತು ಸರ್ಕಾರಿ ಶಾಲೆಯಿಂದ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬ ಪೋಷಕರು ಬಾಗಿಲಲ್ಲೇ ನಿಂತು, "ಈ ಮೇಡಂ ಕನ್ನಡ ಹೇಳ್ಕೊಡ್ತಾರಾ?" ಅಂತ ಆಯಾ ಹತ್ತಿರ ವಿಚಾರಿಸಿದ್ದರು. ಅವರು ಆಮೇಲೆ ಸುಮ್ಮನಾದದ್ದು ನನ್ನ ಪಾಠ ಕೇಳಿಯಲ್ಲ, ಬೋರ್ಡಿನ ಮೇಲಿನ ನನ್ನ ಅಕ್ಷರ ನೋಡಿ. ದುಂಡಗೆ, ಗೆರೆ ಎಳೆದಂತೆ ಸಾಲಾಗಿ ಬರೆಯುತ್ತಿದ್ದೆ. ಶಾಲೆಯಲ್ಲಿ ಏನು ಕಾರ್ಯಕ್ರಮವಿದ್ದರೂ ಸ್ವಾಗತದ ಬೋರ್ಡು ಬರೆಯಲು ನನ್ನನ್ನೇ ಕರೆಯುತ್ತಿದ್ದರು. ಆ ಅಕ್ಷರ ಇರುವವರೆಗೆ ನನ್ನನ್ನು ಯಾರೂ ಏನೂ ಕೇಳುವುದಿಲ್ಲ ಅಂತ ಒಂದು ಧೈರ್ಯ.

ಹೋದ ದಸರಾ ರಜೆ ಮುಗಿಸಿ ಬಂದ ಮೇಲೆ ಅದು ಕೆಡತೊಡಗಿತು. ಮೊದಲು ಒತ್ತಕ್ಷರಗಳಲ್ಲಿ ಬಳುಕು. ಆಮೇಲೆ ಒಂದು ದಿನ ಎಂಟನೇ ಕ್ಲಾಸಿನಲ್ಲಿ ಮುಂದಿನ ಬೆಂಚಿನ ಹುಡುಗಿ, "ಮಿಸ್, ಅದು ಣನಾ, ಳನಾ?" ಅಂದಳು. ತಿರುಗಿ ನೋಡಿದರೆ ನನಗೇ ಗೊತ್ತಾಗಲಿಲ್ಲ. ಸೀಮೆಸುಣ್ಣ ಸರಿ ಇಲ್ಲ ಅಂದುಬಿಟ್ಟೆ.

ಅಲ್ಲಿಂದ ಮುಚ್ಚಿಡುವ ಕೆಲಸ ಶುರುವಾಯಿತು. ಗಾಜಿನ ಬಳೆ ತೆಗೆದಿಟ್ಟೆ, ಯಾಕೆಂದರೆ ಕೈ ಎತ್ತಿದರೆ ಅವು ಸದ್ದು ಮಾಡಿ ಹೇಳಿಬಿಡುತ್ತಿದ್ದವು. ಗಂಡ ಕೇಳಿದ್ದಕ್ಕೆ, ಬೋರ್ಡಿನ ಧೂಳಿಗೆ ಮಣಿಕಟ್ಟು ಕಡಿಯುತ್ತದೆ ಅಂದೆ. ಸ್ಟಾಫ್ ರೂಮಿನಲ್ಲಿ ಟೀ ಅರ್ಧ ಲೋಟ ಸಾಕು ಅನ್ನುತ್ತಿದ್ದೆ, ಎರಡೂ ಕೈಯಲ್ಲಿ ಹಿಡಿದು ಕುಡಿಯುತ್ತಿದ್ದೆ. ಹಾಜರಿ ಪುಸ್ತಕಕ್ಕೆ ಸಹಿ ಹಾಕಲು ಯಾರೂ ಇಲ್ಲದ ಹೊತ್ತು ನೋಡಿಕೊಂಡು ಹೋಗುತ್ತಿದ್ದೆ. ಫೋನಿನಲ್ಲಿ ಹುಡುಕಿದಾಗ ಮೊದಲು ಬಂದದ್ದೇ ಪಾರ್ಕಿನ್ಸನ್ ಕಾಯಿಲೆಯ ಹೆಸರು. ಅದರ ಕೆಳಗಿನದ್ದನ್ನು ಓದಲಿಲ್ಲ. ಫೋನು ಪಕ್ಕಕ್ಕಿಟ್ಟು ಬೇಳೆ ತೊಳೆಯಲು ಎದ್ದೆ. ಡಾಕ್ಟರ ಹತ್ತಿರ ಹೋದರೆ ಅವರು ಆ ಹೆಸರನ್ನು ಬಾಯಿ ಬಿಟ್ಟು ಹೇಳುತ್ತಾರೆ. ಹೋಗದಿದ್ದರೆ ಅದು ಫೋನಿನಲ್ಲೇ ಇರುತ್ತದೆ ಅನ್ನುವುದು ಆಗಿನ ನನ್ನ ಬುದ್ಧಿ.

ಹಾಗಾಗಿ ಲ್ಯಾಪ್‌ಟಾಪ್ ನನಗೆ ವರದ ಹಾಗೆ ಕಂಡಿತು. ರಜೆಯಲ್ಲೂ ಶಾಲೆಗೆ ಹೋಗಿ ಕಂಪ್ಯೂಟರ್ ರೂಮಿನಲ್ಲಿ ಮೂರು ವಾರ ಕೂತು ಕನ್ನಡ ಟೈಪಿಂಗ್ ಕಲಿತೆ. ಅಲ್ಲಿನ ಕೀಬೋರ್ಡುಗಳು ಹಳೆಯವು, ದಪ್ಪನೆಯ ಕೀಗಳು. ಜೋರಾಗಿ ಒತ್ತಿದರೆ ಮಾತ್ರ ಅಕ್ಷರ ಬೀಳುತ್ತಿತ್ತು. ನಡುಗುವ ಬೆರಳೂ ಅದರ ಮೇಲೆ ಭಾರ ಬಿಟ್ಟರೆ ನಿಲ್ಲುತ್ತಿತ್ತು. ಪರದೆಯ ಮೇಲೆ ನನ್ನ ಕನ್ನಡ ಮತ್ತೆ ದುಂಡಗೆ, ನೆಟ್ಟಗೆ ಬಂದಾಗ ಕಣ್ಣು ತುಂಬಿತು.

ಲ್ಯಾಪ್‌ಟಾಪ್ ಕೊಳ್ಳುವ ವಿಷಯ ಹೇಳಿದ ತಕ್ಷಣ ನನ್ನ ಗಂಡ ಅದನ್ನು ತಮ್ಮ ಕೆಲಸ ಮಾಡಿಕೊಂಡರು. ಅವರಿಗೆ ಯಶವಂತಪುರದಲ್ಲಿ ಸ್ಕೂಟರ್ ಬಿಡಿಭಾಗಗಳ ಅಂಗಡಿ ಇದೆ. ಯಾವ ವಸ್ತುವನ್ನೂ ಅವರು ಹಾಗೇ ಕೊಳ್ಳುವವರಲ್ಲ. ಒಂದು ವಾರ ಫೋನಿನಲ್ಲಿ ವಿಡಿಯೋ ನೋಡಿದರು, ಅಂಗಡಿಗೆ ಬಂದವರನ್ನೆಲ್ಲ ಕೇಳಿದರು.

"ತೆಳ್ಳಗಿರೋದು ತಗೋ. ದಿನಾ ಬಸ್ಸಲ್ಲಿ ಯಲಹಂಕಕ್ಕೆ ಹೊತ್ಕೊಂಡ್ ಹೋಗ್ಬೇಕು ನೀನು" ಅಂದರು.

"ಕೀಬೋರ್ಡ್ ಚೆನ್ನಾಗಿದ್ರೆ ಸಾಕು ನಂಗೆ."

"ಕೀಬೋರ್ಡ್ ಎಲ್ಲದ್ರಲ್ಲೂ ಒಂದೇ ಅಲ್ವಾ?"

ಇರಬಹುದು ಅಂದುಕೊಂಡೆ. ನನಗೇನು ಗೊತ್ತಿತ್ತು?

ಮೇ ತಿಂಗಳ ಒಂದು ಶನಿವಾರ ಹೆಬ್ಬಾಳದ ಕಡೆಯ ದೊಡ್ಡ ಅಂಗಡಿಗೆ ಹೋದೆವು. ಉದ್ದನೆಯ ಮೇಜಿನ ಮೇಲೆ ಇಪ್ಪತ್ತು ಮೂವತ್ತು ಲ್ಯಾಪ್‌ಟಾಪ್‌ಗಳು ಬಾಯಿ ತೆರೆದು ಕೂತಿದ್ದವು. ನಮ್ಮನ್ನು ನೋಡಿ ಬಂದ ಸೇಲ್ಸ್ ಮೇಡಂ ನನ್ನ ವಯಸ್ಸಿನವರೇ. ಕತ್ತಿಗೆ ಸರಪಣಿ ಹಾಕಿ ಕನ್ನಡಕ ತೂಗುಬಿಟ್ಟಿದ್ದರು.

"ದಿನಾ ಏನ್ ಕೆಲಸಕ್ಕೆ ಬೇಕು ಮೇಡಂ, ಹೇಳಿ. ಅದ್ರ ಮೇಲೆ ತೋರಿಸ್ತೀನಿ" ಅಂದರು.

ನಾನು ಬಾಯಿ ತೆರೆಯುವ ಮೊದಲೇ ಗಂಡ ಹೇಳಿದರು, "ಟೀಚರು ಇವ್ರು. ಟೈಪಿಂಗು, ಪಾಠ, ಅಷ್ಟೇ. ಹಗುರವಾಗಿರ್ಬೇಕು, ಬ್ಯಾಟರಿ ಸಂಜೆ ತನಕ ಬರ್ಬೇಕು."

ಅವರು ಒಂದು ಬೆಳ್ಳಿ ಬಣ್ಣದ ತೆಳು ಲ್ಯಾಪ್‌ಟಾಪ್ ಮುಂದಿಟ್ಟು, ಕೇಳಿದ ಮೇಲೆ ಕನ್ನಡ ಹಾಕಿಕೊಟ್ಟರು. ಕೀಗಳು ಮುಟ್ಟಿದರೆ ಸಾಕು ಅನ್ನುವಷ್ಟು ಮೃದು. 'ಪ್ರಶ್ನೆಪತ್ರಿಕೆ' ಅಂತ ಹೊಡೆದೆ. ಪರದೆಯ ಮೇಲೆ 'ಪ್ರರಶ್ನೆಪಪತ್ರಿಕಕೆ' ಅಂತ ಬಿತ್ತು. ಅಳಿಸಿ ಮತ್ತೆ ಹೊಡೆದೆ. ಈ ಸಲ ಶ ಎರಡಾಯಿತು. ಬೆರಳು ಕೀ ಮೇಲೆ ಇಳಿದು ಏಳುವಷ್ಟರಲ್ಲಿ ಇನ್ನೊಮ್ಮೆ ತಾಗುತ್ತಿತ್ತು. ಹಳೆಯ ಕೀಬೋರ್ಡು ಆ ಎರಡನೆಯ ತಾಗುವಿಕೆಯನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಇದು ತೆಗೆದುಕೊಳ್ಳುತ್ತಿತ್ತು.

"ಈ ಪೀಸ್ ಸರಿ ಇಲ್ಲ ಅನ್ಸತ್ತೆ, ಬೇರೆ ಕೊಡಿ" ಅಂದರು ಗಂಡ.

ಬೇರೆಯದು ಬಂತು. ಅದರಲ್ಲೂ ಹಾಗೇ. ಮೂರನೆಯದರಲ್ಲಿ ಇನ್ನೂ ಜಾಸ್ತಿ, ಯಾಕೆಂದರೆ ಅಷ್ಟು ಹೊತ್ತಿಗೆ ಹೆದರಿಕೆಗೆ ಕೈ ಮತ್ತಷ್ಟು ನಡುಗುತ್ತಿತ್ತು. ಅದನ್ನು ಸೆರಗಿನ ಕೆಳಗೆ ಎಳೆದುಕೊಂಡೆ.

ಗಂಡನ ದನಿ ಏರಿತು. "ಏನ್ ಮೇಡಂ ಇದು, ಎಲ್ಲಾ ಕೆಟ್ಟೋಗಿರೋ ಪೀಸೇ ಇಟ್ಕೊಂಡಿದ್ದೀರಲ್ಲ? ನೋಡ್ದೇ ತಗೊಂಡೋರ ಗತಿ ಏನು?"

ಆ ಮೇಡಂ ಕನ್ನಡಕ ಏರಿಸಿಕೊಂಡು ತಾವೇ ಒಂದು ಸಾಲು ಇಂಗ್ಲಿಷಿನಲ್ಲಿ ಹೊಡೆದು ನೋಡಿದರು. ಒಂದಕ್ಷರವೂ ಎರಡಾಗಲಿಲ್ಲ. ಅವರು ನನ್ನ ಸೆರಗಿನ ಕಡೆ ನೋಡಿದರು, ಆಮೇಲೆ ನನ್ನ ಮುಖ ನೋಡಿದರು. ನಾನು ತಲೆ ತಗ್ಗಿಸಿದೆ. ಅವರು ಒಂದು ಮಾತು ಹೇಳಿದ್ದರೆ ಅಲ್ಲೇ ಎಲ್ಲ ಬಯಲಾಗುತ್ತಿತ್ತು. ಅವರು ಪರದೆ ಮುಚ್ಚಿ, "ಡೆಮೊ ಪೀಸ್ ಸರ್. ದಿನಾ ಎಷ್ಟೋ ಜನ ಒತ್ತಿರ್ತಾರೆ" ಅಂದರು.

ನನಗಾಗಿ ಸುಳ್ಳು ಹೇಳಿದರು. ನಾನು ಅದನ್ನು ಹೇಳಲು ಬಿಟ್ಟೆ.

ಆಟೋದಲ್ಲಿ ಗಂಡ ಆ ಅಂಗಡಿಯನ್ನು ಬೈಯುತ್ತಲೇ ಬಂದರು. ಬಳ್ಳಾರಿ ರಸ್ತೆಯ ಟ್ರಾಫಿಕ್ಕಿನಲ್ಲಿ ಆಟೋ ನಿಂತು ನಿಂತು ಸಾಗುತ್ತಿತ್ತು, ನಾನು ಹೂಂ ಹೂಂ ಅನ್ನುತ್ತಿದ್ದೆ. ಒಂದೇ ಯೋಚನೆ: ಜೂನ್‌ಗೆ ಇನ್ನೆಷ್ಟು ದಿನ? ಪರದೆಯ ಮೇಲೆ ನಲವತ್ತು ಮಕ್ಕಳ ಎದುರು ಎರಡೆರಡಾಗಿ ಬೀಳುವ ಅಕ್ಷರಗಳನ್ನು ಏನೆಂದು ಹೇಳಲಿ? ಸೀಮೆಸುಣ್ಣ ಸರಿ ಇಲ್ಲ ಅನ್ನುವ ಹಾಗೂ ಇಲ್ಲ.

ಮಾರನೆಯ ದಿನ, ಭಾನುವಾರ ಬೆಳಗ್ಗೆ ತಿಂಡಿಗೆ ಕೂತಾಗ ಅವರು ಫೋನು ನನ್ನ ಕಡೆ ಹಿಡಿದು, "ಹಾಕ್ಬಿಟ್ಟೆ ನೋಡು" ಅಂದರು. ಆ ಅಂಗಡಿಗೆ ಒಂದು ಸ್ಟಾರ್ ಕೊಟ್ಟು ಬರೆದಿದ್ದರು. ಕೆಟ್ಟ ಮಾಲು ತೋರಿಸುತ್ತಾರೆ, ಕನ್ನಡಕದ ಸರಪಣಿ ಹಾಕಿಕೊಂಡ ಹೆಂಗಸು ಗಿರಾಕಿಗಳಿಗೆ ಸಬೂಬು ಹೇಳಿ ಕಳಿಸುತ್ತಾರೆ, ಎಚ್ಚರಿಕೆ. ಅಷ್ಟು ಗುರುತು ಸಾಕು. ಆ ಅಂಗಡಿಯಲ್ಲಿ ಸರಪಣಿಯ ಕನ್ನಡಕ ಬೇರೆ ಯಾರಿಗೂ ಇರಲಿಲ್ಲ.

ನಾನು ರೊಟ್ಟಿ ಬಿಟ್ಟು ಎದ್ದೆ. ಅಡುಗೆಮನೆಗೆ ಹೋಗಿ ನಿಂತೆ. ವಾಪಸ್ ಬಂದೆ.

"ಅದನ್ನ ತೆಗೀರಿ."

"ಯಾಕೆ? ಇದ್ದಿದ್ದೇ ಬರ್ದಿದ್ದೀನಿ."

"ಲ್ಯಾಪ್‌ಟಾಪ್ ಸರಿಯಾಗೇ ಇತ್ತು. ನನ್ನ ಕೈ ಸರಿ ಇಲ್ಲ."

ಅವರಿಗೆ ಅರ್ಥವಾಗಲಿಲ್ಲ. ನಾನು ಅವರ ಮುಂದಿದ್ದ ಚಹಾದ ಕಪ್ಪನ್ನು ಸಾಸರ್ ಸಮೇತ ಬಲಗೈಯಲ್ಲಿ ಎತ್ತಿದೆ. ಎಂಟು ತಿಂಗಳಲ್ಲಿ ಒಂದು ಸಲವೂ ಅವರೆದುರು ಹಾಗೆ ಎತ್ತಿರಲಿಲ್ಲ. ಕಪ್ಪು ಟಕಟಕ ಅನ್ನತೊಡಗಿತು, ಚಹಾ ಸಾಸರಿಗೆ ತುಳುಕಿತು. ಅವರು ಎರಡೂ ಕೈ ಚಾಚಿ ಅದನ್ನು ತೆಗೆದುಕೊಂಡು ಕೆಳಗಿಟ್ಟರು.

"ಯಾವಾಗಿಂದ?"

"ದಸರಾ ರಜೆಯಿಂದ."

ಕೋಪ ಮಾಡಿಕೊಳ್ಳುತ್ತಾರೆ ಅಂದುಕೊಂಡಿದ್ದೆ. "ನಾನು ಇದೇ ಮನೇಲಿದ್ದೆ ಅಲ್ವಾ?" ಅಂತ ಮಾತ್ರ ಕೇಳಿದರು. ಅದಕ್ಕಿಂತ ಕೋಪವೇ ವಾಸಿಯಿತ್ತು. ಆಮೇಲೆ ಫೋನು ಹಿಡಿದು ಕೂತರು. ಬರೆಯುವುದು ಸುಲಭವಾಗಿತ್ತು, ಅಳಿಸುವುದು ಎಲ್ಲಿ ಅಂತ ಸಿಗಲಿಲ್ಲ. ಇಬ್ಬರೂ ತಲೆಗೆ ತಲೆ ತಾಗಿಸಿ ಅರ್ಧ ಗಂಟೆ ಹುಡುಕಿ ಅಳಿಸಿದೆವು.

ಸೋಮವಾರವೇ ನನ್ನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ನರಗಳ ಡಾಕ್ಟರು, ಮೆಲುದನಿಯ ಹೆಂಗಸು. ನಮಗಿಂತ ಮುಂಚೆ ಹೊರಗೆ ಆರು ಜನ ಕಾಯುತ್ತಿದ್ದರು. ಗಾಲಿಕುರ್ಚಿಯಲ್ಲಿ ಕೂತಿದ್ದ ಒಬ್ಬ ಯಜಮಾನರ ಕೈ ತೊಡೆಯ ಮೇಲೆ ತಾನಾಗೇ ಏನನ್ನೋ ಹೊಸೆಯುತ್ತಿತ್ತು. ನಾನು ಅತ್ತ ನೋಡದ ಹಾಗೆ ಗೋಡೆಯ ಕ್ಯಾಲೆಂಡರನ್ನೇ ನೋಡುತ್ತಿದ್ದೆ. ಗಂಡ ನನ್ನ ಚೀಲ ಹಿಡಿದುಕೊಂಡಿದ್ದರು. ಎದ್ದು ಹೋಗಿಬಿಡೋಣ ಅಂತ ಎರಡು ಸಲ ಅನಿಸಿತು.

ಒಳಗೆ ಡಾಕ್ಟರು ನನ್ನ ಎರಡೂ ಕೈ ಮುಂದೆ ಚಾಚಿಸಿದರು. ಒಂದು ಲೋಟದಿಂದ ಇನ್ನೊಂದಕ್ಕೆ ನೀರು ಸುರಿಸಿದರು. ಕಾಗದ ಕೊಟ್ಟು ಚಕ್ಕುಲಿಯ ಹಾಗೆ ಸುತ್ತು ಬರೆಸಿದರು. ನನ್ನ ಚಕ್ಕುಲಿ ತುಂಬ ಮುಳ್ಳು.

"ಸುಮ್ನೆ ಕೂತಾಗ ನಡುಗುತ್ತಾ, ಕೆಲಸ ಮಾಡೋವಾಗ್ಲಾ?"

"ಕೆಲಸ ಮಾಡೋವಾಗ."

"ಮನೇಲಿ ಯಾರಿಗಾದ್ರೂ ಇತ್ತಾ?"

ಇಲ್ಲ ಅನ್ನಲು ಬಾಯಿ ತೆರೆದವಳು ಅಲ್ಲೇ ತಡೆದೆ. ನಮ್ಮ ಅಬ್ಬಾ ಪೀಣ್ಯದ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಕಬ್ಬಿಣ ಕಡೆಯುವ ಲೇತ್ ನಡೆಸುತ್ತಿದ್ದರು. ನಾನು ಹೈಸ್ಕೂಲಿನಲ್ಲಿದ್ದಾಗ ಅವರ ಕೈ ನಡುಗತೊಡಗಿ, ಅಳತೆ ತಪ್ಪುತ್ತದೆ ಅಂತ ಅವರನ್ನು ಲೇತಿನಿಂದ ಎಬ್ಬಿಸಿ ಗೇಟಿನ ಹತ್ತಿರ ಕೂರಿಸಿದರು. ಕುಡಿಯುತ್ತಾನೆ, ಅದಕ್ಕೇ ಕೈ ನಡುಗುತ್ತೆ ಅಂತ ಮಾತಾಯಿತು. ಐದು ಹೊತ್ತಿನ ನಮಾಜು ತಪ್ಪಿಸದ ಮನುಷ್ಯ. ಅವರು ಯಾರಿಗೂ ಏನೂ ವಿವರಿಸಲಿಲ್ಲ. ಮದುವೆ ಮನೆಗಳಿಗೆ ಹೋಗುವುದು ಬಿಟ್ಟರು, ಯಾಕೆಂದರೆ ಎಲ್ಲರ ಎದುರು ಊಟ ಮಾಡಬೇಕು. ಮನೆಯಲ್ಲಿ ನಾವೂ ಅದನ್ನು ಅವರ ನಾಚಿಕೆ ಸ್ವಭಾವ ಅಂದುಕೊಂಡೆವು. ಅವರು ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಅದೊಂದು ಕಾಯಿಲೆ ಇರಬಹುದು ಅಂತ ನನಗೆ ಹೊಳೆದದ್ದು ಆ ಕುರ್ಚಿಯಲ್ಲಿ ಕೂತಾಗ.

ನಾನು ಹೇಳಿದ್ದನ್ನೆಲ್ಲ ಡಾಕ್ಟರು ಬರೆದುಕೊಂಡರು. "ನೀವು ಹೆದರಿರೋ ಕಾಯಿಲೆ ಇದಲ್ಲ" ಅಂದರು. ಇದು ಬರೀ ನಡುಕ, ಕೆಲವು ಮನೆತನಗಳಲ್ಲಿ ಹರಿದು ಬರುತ್ತದೆ, ಮಾತ್ರೆಯಿಂದ ಸ್ವಲ್ಪ ತಗ್ಗಬಹುದು. ಪೂರ್ತಿ ಹೋಗುವುದಿಲ್ಲ. ವರ್ಷಗಳು ಕಳೆದ ಹಾಗೆ ನಿಧಾನವಾಗಿ ಹೆಚ್ಚಬಹುದು. ಎಷ್ಟು ಹೆಚ್ಚುತ್ತದೆ ಅಂತ ಕೇಳಿದೆ. "ಅದನ್ನ ಯಾರೂ ಹೇಳಕ್ಕಾಗಲ್ಲ" ಅಂದರು. ಗಂಡ ಹೊರಗೆ ಬಂದು ದೇವರಿಗೆ ಶುಕ್ರ್ ಹೇಳಿದರು. ನಾನೂ ಹೇಳಿದೆ. ಆದರೆ ಆ ಕೊನೆಯ ಮಾತು ನನ್ನ ಜೊತೆಗೇ ಬಸ್ಸು ಹತ್ತಿತು.

ಇನ್ನೊಂದು ಕೆಲಸ ಬಾಕಿ ಇತ್ತು. ಬುಧವಾರ ಮಧ್ಯಾಹ್ನ ಒಬ್ಬಳೇ ಆ ಅಂಗಡಿಗೆ ಹೋದೆ. ಬಾಗಿಲ ಹತ್ತಿರ ಒಂದೆರಡು ಸುತ್ತು ಹಾಕಿ ಒಳಗೆ ಕಾಲಿಟ್ಟೆ. ಆ ಮೇಡಂ ನನ್ನನ್ನು ಕಂಡ ಕೂಡಲೇ ಗುರುತು ಹಿಡಿದರು. ನಗಲಿಲ್ಲ.

"ಹೇಳಿ ಮೇಡಂ."

"ಅವತ್ತು ನಿಮ್ಮ ಲ್ಯಾಪ್‌ಟಾಪ್‌ಗಳು ಸರಿಯಾಗಿದ್ವು. ನಂಗೆ ಕೈ ನಡುಗುತ್ತೆ. ಹೇಳಕ್ಕೆ ಧೈರ್ಯ ಸಾಲ್ಲಿಲ್ಲ."

"ಗೊತ್ತಾಯ್ತು ನಂಗೆ."

"ನಮ್ಮ ಮನೆಯವರು ಬರ್ದಿದ್ದನ್ನ ತೆಗೆಸ್ದೆ."

"ತೆಗೆದಿದ್ದು ನೋಡ್ದೆ. ಅಷ್ಟರಲ್ಲಿ ಮ್ಯಾನೇಜರ್ ನೋಡ್ಬಿಟ್ಟಿದ್ರು." ಅವರು ಮೇಜಿನ ಮೇಲಿನ ವೈರುಗಳನ್ನು ಸರಿ ಮಾಡುತ್ತ ಹೇಳಿದರು, "ಉತ್ತರ ಬರ್ದುಕೊಡಿ ಅಂದ್ರು. ಏನಂತ ಬರೀಲಿ? ಡೆಮೊ ಪೀಸ್ ಚೆಕ್ ಮಾಡಿರ್ಲಿಲ್ಲ, ನಂದೇ ತಪ್ಪು ಅಂತ ಬರ್ದೆ."

ಮ್ಯಾನೇಜರ್ ಎಲ್ಲಿ ಅಂತ ಕೇಳಿದೆ. ಬೇಡ ಬಿಡಿ ಅಂದರು. ನಾನು ಬಿಡಲಿಲ್ಲ, ಅವರೂ ಹಿಂದೆಯೇ ಬಂದರು. ಗಾಜಿನ ಬಾಗಿಲಿನ ಆಚೆ ಕೂತಿದ್ದ ಆತನ ಮುಂದೆ ನಿಂತು, ಮನೆಯವರು, ಡಾಕ್ಟರು, ಈ ಮೇಡಂ ಬಿಟ್ಟು ಇನ್ಯಾರಿಗೂ ಹೇಳದ ಮಾತನ್ನು ಆ ಅಪರಿಚಿತನಿಗೆ ಹೇಳಿದೆ. ಈ ಮೇಡಂ ತಪ್ಪು ಏನೂ ಇಲ್ಲ, ನನ್ನ ಮರ್ಯಾದೆ ಉಳಿಸಲು ಅವರು ಹಾಗೆ ಹೇಳಿದರು ಅಂದೆ. ಆತ, "ಓಕೆ ಮೇಡಂ, ಆಯ್ತು ಮೇಡಂ" ಅಂದ. ಎಷ್ಟು ನಂಬಿದನೋ ಗೊತ್ತಿಲ್ಲ. ಅದನ್ನೇ ಒಂದು ಹಾಳೆಯಲ್ಲಿ ಬರೆದುಕೊಟ್ಟೆ. ಆ ಅಂಕುಡೊಂಕು ಅಕ್ಷರ ನೋಡಿದ ಮೇಲೆ ಆತ ತಲೆ ಎತ್ತಿ ನನ್ನನ್ನು ಬೇರೆ ಥರ ನೋಡಿದ. ಪಕ್ಕದ ಫೈಲಿನಿಂದ ಆಕೆ ಬರೆದುಕೊಟ್ಟಿದ್ದ ಕಾಗದ ತೆಗೆದು ಮಡಚಿ ಆಕೆಗೇ ವಾಪಸ್ ಕೊಟ್ಟ.

ಆ ಕೋಣೆಯಿಂದ ಹೊರಗೆ ಬಂದ ಮೇಲೆ ಆ ಮೇಡಂ ಒಂದು ಸ್ಟೂಲು ಎಳೆದು ನನ್ನನ್ನು ಕೂರಿಸಿದರು. "ಈಗ ಹೇಳಿ, ದಿನಾ ಏನ್ ಕೆಲಸಕ್ಕೆ ಬೇಕು?"

ಈ ಸಲ ನಾನೇ ಹೇಳಿದೆ. ಕನ್ನಡವೇ ಹೆಚ್ಚು ಟೈಪ್ ಮಾಡುವುದು, ಒತ್ತಕ್ಷರ ಚಿಕ್ಕದಾಗಿ ಕಂಡರೆ ತಿದ್ದಲು ಆಗುವುದಿಲ್ಲ. ಕೀ ಒತ್ತಿದ್ದು ಬೆರಳಿಗೆ ಗೊತ್ತಾಗಬೇಕು. ಬೆರಳಿಂದ ಉಜ್ಜುವ ಆ ಚೌಕ ನನ್ನ ಕೈಲಿ ಆಗದು, ಬಾಣ ಓಡಾಡಿಬಿಡುತ್ತದೆ. ಬಸ್ಸಿನಲ್ಲಿ ನಿಂತು ಹೋಗುವ ದಿನಗಳೂ ಇವೆ. ನಡುವೆ ಕರೆಂಟು ಹೋಗುತ್ತದೆ. ವಿಡಿಯೋ, ಆಟ, ಇನ್ಯಾವುದೂ ಬೇಡ. ಹೇಳುತ್ತ ಹೇಳುತ್ತ ನನಗೇ ಆಶ್ಚರ್ಯವಾಯಿತು. ಮುಚ್ಚಿಡುವುದೊಂದನ್ನು ಬಿಟ್ಟರೆ ನನಗೆ ಬೇಕಾದ್ದು ಏನು ಅಂತ ಅಷ್ಟು ದಿನ ನಾನು ಯೋಚಿಸಿಯೇ ಇರಲಿಲ್ಲ.

ಅವರು ಐದು ಲ್ಯಾಪ್‌ಟಾಪ್‌ಗಳನ್ನು ಒಂದಾದ ಮೇಲೊಂದು ನನ್ನ ಮುಂದಿಟ್ಟು ಪ್ರತಿಯೊಂದರಲ್ಲೂ ಅರ್ಧ ಪುಟ ಹೊಡೆಸಿದರು. ತೆಳುವಾದವೆಲ್ಲ ಸೋತವು. ಮೂಲೆಯಲ್ಲಿ ಒಂದು ಕಪ್ಪು ಲ್ಯಾಪ್‌ಟಾಪ್ ಇತ್ತು, ದಪ್ಪನೆಯದು, ಯಾರೂ ಕೇಳದ ಮಾಡೆಲ್. ಅದರ ಕೀಗಳು ಒಳಕ್ಕೆ ಇಳಿಯುತ್ತಿದ್ದವು, ಪರದೆ ಅಗಲ. ಅದರಲ್ಲೂ ಅಲ್ಲಲ್ಲಿ ಅಕ್ಷರ ಎರಡಾಯಿತು. ಅವರು ಸೆಟ್ಟಿಂಗ್ಸಿನೊಳಗೆ ಹೋಗಿ ಏನೋ ಒಂದನ್ನು ಆನ್ ಮಾಡಿದರು. ಒಂದೇ ಕೀ ಕಣ್ಣುರೆಪ್ಪೆ ಬಡಿಯುವಷ್ಟರಲ್ಲಿ ಎರಡು ಸಲ ಒತ್ತಿದರೆ ಎರಡನೆಯದನ್ನು ಬಿಟ್ಟುಬಿಡು ಅಂತ ಕಂಪ್ಯೂಟರಿಗೆ ಹೇಳುವ ಸೌಕರ್ಯವಂತೆ. ಎಷ್ಟು ಹೊತ್ತು ಅನ್ನುವುದನ್ನು ನನ್ನ ಬೆರಳಿಗೆ ತಕ್ಕ ಹಾಗೆ ನಾಲ್ಕು ಸಲ ಬದಲಾಯಿಸಿ ನೋಡಿದರು.

"ಇದು ಎಲ್ಲದ್ರಲ್ಲೂ ಇರತ್ತಾ?" ಅಂದೆ.

"ಇರತ್ತೆ. ಯಾರೂ ಕೇಳಲ್ಲ, ನಾವೂ ಹೇಳಲ್ಲ."

ಮತ್ತೆ ಅರ್ಧ ಪುಟ ಹೊಡೆದೆ. ಒಂದೇ ಒಂದು ಕಡೆ ತಪ್ಪಿತ್ತು. ಅದು ನಾನು ಕಾಗುಣಿತ ಮರೆತದ್ದು.

ಅದನ್ನೇ ಕೊಂಡೆ, ಒಂದು ಮೌಸಿನ ಜೊತೆ. ಮನೆಗೆ ತಂದಾಗ ಗಂಡ ಒಂದು ಕೈಯಲ್ಲಿ ಎತ್ತಿ ನೋಡಿ, "ಇದೇನು, ಇಟ್ಟಿಗೆ!" ಅಂದರು. ಆಮೇಲೆ ಕೀಗಳನ್ನು ಒಂದೊಂದಾಗಿ ಒತ್ತಿ ನೋಡಿದರು. ಮೊದಲ ವಾರ ಬಸ್‌ಸ್ಟಾಪಿನವರೆಗೆ ಚೀಲ ತಾವೇ ಹೊತ್ತು ತಂದರು. ಬೇಡ ಅಂದರೂ ಕೇಳಲಿಲ್ಲ.

ಹೆಡ್‌ಮಿಸ್‌ಗೆ ವಿಷಯ ತಿಳಿಸಿದೆ. ಅವರು ಒಳ್ಳೆಯ ಮಾತೇ ಆಡಿದರು, ಆದರೆ "ಇನ್ನೆಷ್ಟು ವರ್ಷ ಸರ್ವಿಸ್ ಇದೆ ನಿಮ್ಗೆ?" ಅಂತಲೂ ಕೇಳಿದರು. ಸಹಜವಾಗಿ ಕೇಳಿರಬಹುದು. ಆ ಪ್ರಶ್ನೆ ಎರಡು ದಿನ ನನ್ನನ್ನು ಬಿಡಲಿಲ್ಲ. ಮಾತ್ರೆ ಕೆಲವು ದಿನ ಕೈ ಹಿಡಿಯುತ್ತದೆ, ಕೆಲವು ದಿನ ಇಲ್ಲ. ಬೆಳಗ್ಗೆ ಎದ್ದ ಕೂಡಲೇ ಕೈ ಮುಂದೆ ಚಾಚಿ ನೋಡಿಕೊಳ್ಳುವ ಅಭ್ಯಾಸವಾಗಿದೆ. ಅದನ್ನು ಬಿಡಬೇಕು ಅಂತ ಡಾಕ್ಟರು ಹೇಳಿದ್ದಾರೆ. ಬಿಡಲು ಆಗಿಲ್ಲ.

ಜುಲೈನಲ್ಲಿ ಮೊದಲ ಕಿರುಪರೀಕ್ಷೆ. ಒಂಬತ್ತನೇ ಕ್ಲಾಸಿನ ಕನ್ನಡ ಪತ್ರಿಕೆಯನ್ನು ಮೂರು ಸಂಜೆ ಕೂತು ನಾನೇ ಟೈಪ್ ಮಾಡಿದೆ, ನಾಲ್ಕು ಸಲ ಓದಿ ತಿದ್ದಿದೆ. ಆದರೂ ಹಾಳೆಗಳನ್ನು ಹಂಚಿದ ಮೇಲೆ ಕೋಣೆಯ ಹಿಂದೆ ಹೋಗಿ ನಿಂತೆ. ನಲವತ್ತು ತಲೆಗಳು ಬಗ್ಗಿ ನನ್ನ ಅಕ್ಷರಗಳನ್ನು ಓದುತ್ತಿದ್ದವು. ಯಾವ ಮಗು ಯಾವಾಗ ಎದ್ದು ಏನು ಕೇಳುತ್ತದೋ ಅಂತ ಒಂದೊಂದೇ ಸಾಲು ದಾಟುತ್ತ ಹೋದೆ. ಹತ್ತು ನಿಮಿಷ, ಇಪ್ಪತ್ತು ನಿಮಿಷ. ಅರ್ಧ ಗಂಟೆಗೆ ಕಿಟಕಿ ಪಕ್ಕದ ಹುಡುಗಿಯೊಬ್ಬಳು ಕೈ ಎತ್ತಿದಳು. ಹತ್ತಿರ ಹೋದೆ.

"ಮಿಸ್, ಅಡಿಷನಲ್ ಶೀಟ್" ಅಂದಳು.